ದೇವನಕ್ಕಿಯ ಕೆರೆಯಲ್ಲಿ ಆರಿಸುವವರು ಯಾರು?

ನವಿಲನ್ನು ತೋರಿಸಿ, ಗಂಡು ಮೆರೆಯುತ್ತದೆ, ಹೆಣ್ಣು ಸಂಗಾತಿಯನ್ನು ಆರಿಸುತ್ತದೆ ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ನವಿಲಿನ ಮಟ್ಟಿಗೆ ಅದು ಸರಿ. ಗೀಜಗನ ಮಟ್ಟಿಗೂ ಸರಿ. ಗಂಡು ಅರ್ಧ ನೇಯ್ದು ನಿಲ್ಲಿಸಿದ ಗೂಡನ್ನು ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದ ಮೇಲೆಯೇ ಅದು ಪೂರ್ತಿಯಾಗುತ್ತದೆ. ಆದರೆ ಇದನ್ನೇ ಇಡೀ ಪ್ರಾಣಿಲೋಕದ ನಿಯಮವೆಂದು ಬೋಧಿಸಿ, ಗಂಡಿನ ಸ್ವಭಾವವೇ ಹೀಗೆ, ಹೆಣ್ಣಿನ ಸ್ವಭಾವವೇ ಹಾಗೆ ಎಂಬ ತೀರ್ಮಾನಕ್ಕೆ ಬರುವುದನ್ನು ನಾನು ಒಪ್ಪಲಾರೆ.

ನಮ್ಮ ಕೆರೆಗಳ ತಾವರೆ ಎಲೆಗಳ ಮೇಲೆ ನೀಳ ಬೆರಳುಗಳನ್ನು ಹರಡಿ ನಡೆಯುವ ದೇವನಕ್ಕಿಯನ್ನು ಮಳೆಗಾಲದಲ್ಲಿ ತಾಳ್ಮೆಯಿಂದ ಗಮನಿಸಿ. ಅಲ್ಲಿ ಗಾತ್ರದಲ್ಲಿ ದೊಡ್ಡದು ಹೆಣ್ಣು. ನೆಲೆಗಾಗಿ, ಗಂಡುಗಳಿಗಾಗಿ ಉಳಿದ ಹೆಣ್ಣುಗಳೊಡನೆ ಕಾದಾಡುವುದೂ ಹೆಣ್ಣೇ. ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನು ಒಂದು ಗಂಡಿನ ವಶಕ್ಕೆ ಬಿಟ್ಟು ಅದು ಮತ್ತೊಂದು ಗಂಡನ್ನು ಕೂಡುತ್ತದೆ. ಮೂರು ವಾರಕ್ಕೂ ಹೆಚ್ಚು ಕಾಲ ಕಾವು ಕೂತು, ಆಮೇಲೆ ಮರಿಗಳನ್ನು ಕಾಯುವ ಹೊಣೆಯೆಲ್ಲ ಗಂಡಿನದು. ಅಷ್ಟು ದಿನ ಗಂಡು ಕಟ್ಟಿಬಿದ್ದಿರುವುದರಿಂದ ಬಿಡುವಾಗಿರುವ ಗಂಡುಗಳಿಗೆ ಬರ, ಹಾಗಾಗಿ ಹೆಣ್ಣುಗಳಲ್ಲಿ ಪೈಪೋಟಿ. ಮರಿಗಳಿಗಾಗಿ ಹೆಚ್ಚು ವ್ಯಯಿಸುವ ಲಿಂಗಕ್ಕಾಗಿ ಇನ್ನೊಂದು ಲಿಂಗ ಸ್ಪರ್ಧಿಸುತ್ತದೆ ಎಂದು ಜೀವವಿಜ್ಞಾನಿ ರಾಬರ್ಟ್ ಟ್ರಿವರ್ಸ್ 1972ರಲ್ಲಿ ಮಂಡಿಸಿದ ವಿಚಾರ ನಮ್ಮೂರ ಕೆರೆಯಲ್ಲೇ ಕಣ್ಣಿಗೆ ಬೀಳುತ್ತದೆ.

ಹಾಗಾದರೆ ಇಬ್ಬರೂ ಸಮವಾಗಿ ದುಡಿದರೆ? ಉತ್ತರ ಪೆಸಿಫಿಕ್‌ನ ಕಡಲಹಕ್ಕಿ ತುರಾಯಿ ಆಕ್ಲೆಟ್ ಒಂದೇ ಮೊಟ್ಟೆಯಿಡುತ್ತದೆ. ಗಂಡು ಹೆಣ್ಣು ಎರಡೂ ಕಾವು ಕೂತು ಮರಿಗೆ ಉಣಿಸುತ್ತವೆ, ಎರಡರ ಹಣೆಯ ಮೇಲೂ ಒಂದೇ ಬಗೆಯ ತುರಾಯಿ ಇರುತ್ತದೆ. ಅಲಾಸ್ಕಾದ ದ್ವೀಪವೊಂದರಲ್ಲಿ ಬೊಂಬೆ ಹಕ್ಕಿಗಳನ್ನಿಟ್ಟು ನಡೆಸಿ 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಉದ್ದ ತುರಾಯಿಯ ಬೊಂಬೆಗಳ ಮುಂದೆ ಗಂಡುಗಳೂ ಹೆಣ್ಣುಗಳೂ ಹೆಚ್ಚು ಒಲವು ತೋರಿದವು. ಗಂಡು ಆರಿಸುವುದಿಲ್ಲ, ಸಿಕ್ಕಿದ್ದನ್ನು ಕೂಡುತ್ತದೆ ಎನ್ನುವವರು ಈ ಪ್ರಯೋಗವನ್ನು ಓದಲೇಬೇಕು.

ನನಗೆ ಇವೆಲ್ಲಕ್ಕಿಂತ ದೊಡ್ಡ ಸಾಕ್ಷಿಯೆನಿಸುವುದು ಆಸ್ಟ್ರೇಲಿಯಾದ, ಹೂವಿನ ಪರಾಗ ತಿಂದು ಬದುಕುವ ಒಂದು ಬಗೆಯ ಮಿಡತೆ. ಕೂಡುವಾಗ ಗಂಡು ತನ್ನ ಮೈಯಿಂದಲೇ ಸ್ರವಿಸಿದ ಪೌಷ್ಟಿಕ ಉಂಡೆಯನ್ನು ಹೆಣ್ಣಿಗೆ ಕೊಡುತ್ತದೆ. ಆಹಾರ ಕಡಿಮೆಯಾದಾಗ ಆ ಉಂಡೆಗಾಗಿ ಹೆಣ್ಣುಗಳು ನೂಕಾಡುತ್ತವೆ, ಗಂಡು ಆರಿಸುತ್ತದೆ. ಆಹಾರ ಧಾರಾಳವಾದಾಗ ಗಂಡುಗಳು ಕೂಗಿ ಸ್ಪರ್ಧಿಸುತ್ತವೆ, ಹೆಣ್ಣು ಆರಿಸುತ್ತದೆ. ಸಂಶೋಧಕರಾದ ಗ್ವಿನ್ ಮತ್ತು ಸಿಮನ್ಸ್ 1990ರಲ್ಲಿ ತೋರಿಸಿದಂತೆ, ಅಲ್ಲಿ ಮಿಡತೆ ಬದಲಾಗಿರಲಿಲ್ಲ, ಬದಲಾಗಿದ್ದು ಅದರ ಊಟ ಮಾತ್ರ.