ಐಎಸ್‌ಐ ಕೊಡ್ಲಾ, ಐಎಸ್‌ಐ ತರದ್ದು ಕೊಡ್ಲಾ?

ಆಷಾಢದ ಮೋಡ ಕವಿದು ನಾಲ್ಕು ದಿನವಾಗಿತ್ತು. ತಾರಸಿ ಮೇಲಿನ ಸೋಲಾರ್ ತಣ್ಣಗೆ ಮಲಗಿತ್ತು. ಬಿಸಿನೀರಿಗೆ ಒಂದು ಹೀಟರ್ ಕಾಯಿಲ್ ತರೋಣ ಅಂತ ಮಂಡ್ಯದ ಪೇಟೆ ಬೀದಿಗೆ ಹೋದೆ.

ಅಂಗಡಿಯವರು ಮೊಬೈಲಿನಿಂದ ತಲೆ ಎತ್ತದೆ ಕೇಳಿದರು. "ಐಎಸ್‌ಐ ಕೊಡ್ಲಾ ಸಾ, ಐಎಸ್‌ಐ ತರದ್ದು ಕೊಡ್ಲಾ?"

ಏನು ವ್ಯತ್ಯಾಸ ಅಂದೆ.

"ಅದು ಏಳ್ನೂರು, ಇದು ಮುನ್ನೂರು. ನೀರು ಎರಡೂ ಕಾಯಿಸ್ತವೆ."

ನಾನು ಓದಿಕೊಂಡವನು. ಐಎಸ್‌ಐ ಗುರುತು ಇಲ್ಲದ ಕಾಯಿಲ್ ಮಾರುವಂತೆಯೇ ಇಲ್ಲ ಅಂತ 2003ರಲ್ಲೇ ಕೇಂದ್ರ ಸರ್ಕಾರ ಆದೇಶ ಮಾಡಿದೆ, ಗೊತ್ತಾ ಅಂದೆ. ಅವರಿಗೆ ಗೊತ್ತಿತ್ತು. "ಅದಕ್ಕೇ ಸಾ, ಎರಡರ ಮೇಲೂ ಗುರುತು ಹಾಕಿಸವ್ರೆ" ಅಂದರು.

ನಿಜ. ಎರಡು ಡಬ್ಬಿಯ ಮೇಲೂ ಇತ್ತು. ಅಸಲಿ ಗುರುತಿನ ಮೇಲುಗಡೆ ಮಾನಕದ ನಂಬರ್ ಇರಬೇಕು, ಕಾಯಿಲ್‌ಗಾದರೆ ಐಎಸ್ 368. ಕೆಳಗಡೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಮುನ್ನೂರರದ್ದರಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ, ನಡುವೆ ಗುರುತು ಮಾತ್ರ ಒಂಟಿಯಾಗಿ ನಿಂತಿತ್ತು. ಬೇಜಾರಾಗದಿರಲಿ ಅಂತ ಪಕ್ಕದಲ್ಲಿ ಸಿಇ ಅಂತ ಇನ್ನೊಂದು ಮುದ್ರೆ ಒತ್ತಿದ್ದರು. ಅದು ಯುರೋಪಿನ ಗುರುತು. ಅಲ್ಲಿನ ಕಂಪನಿಗಳು ಬಹುತೇಕ ಮಾಲಿಗೆ ತಾವೇ ಹೊಣೆ ಹೊತ್ತು ಹಾಕಿಕೊಳ್ಳುವಂಥದ್ದು. ಮಂಡ್ಯದ ಬಚ್ಚಲಲ್ಲಿ ಅದಕ್ಕೇನು ಕೆಲಸವೋ ಕಾಣೆ. ಅದರ ಪಕ್ಕ ಐಎಸ್‌ಒ 9001. ಅದು ಕಂಪನಿಯ ಆಡಳಿತದ ಶಿಸ್ತಿಗೆ ಕೊಡುವ ಪತ್ರ, ಕಾಯಿಲ್‌ಗಲ್ಲ. ಫೈಲುಗಳನ್ನು ಚೆನ್ನಾಗಿ ಜೋಡಿಸಿಟ್ಟು ಕೆಟ್ಟ ಕಾಯಿಲ್ ಮಾಡೋದಕ್ಕೆ ಏನೂ ಅಡ್ಡಿಯಿಲ್ಲ ಅಲ್ವಾ?

ಏಳ್ನೂರರದ್ದನ್ನೇ ಕೈಗೆತ್ತಿಕೊಂಡೆ. ಅದರಲ್ಲಿ ನಂಬರ್ ಇತ್ತು. ಐಎಸ್‌ಐ ಗುರುತು ಕೊಡುವ ಬಿಐಎಸ್ ಸಂಸ್ಥೆಯದ್ದೇ ಬಿಐಎಸ್ ಕೇರ್ ಅಂತ ಒಂದು ಆ್ಯಪ್ ಇದೆ. ನಂಬರ್ ಹಾಕಿದರೆ ಯಾರ ಲೈಸೆನ್ಸು, ಯಾವ ಮಾಲು ಅಂತ ಹೇಳುತ್ತದೆ. ಹಾಕಿದೆ. ಚಕ್ರ ತಿರುಗಿ ತಿರುಗಿ ಉತ್ತರ ಬಂತು: ಬಾಟಲಿಯಲ್ಲಿ ತುಂಬಿದ ಕುಡಿಯುವ ನೀರು.

ಅಂಗಡಿಯವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು. "ನೀರಿಂದೇ ಅಲ್ವಾ ಸಾ? ಇದ್ನೂ ನೀರಿಗೇ ಹಾಕದು."

ಎರಡೂ ಒಂದೇ ಅಂದ ಮೇಲೆ ನಾನೂರು ಯಾಕೆ ಜಾಸ್ತಿ ಕೊಡಲಿ? ಮುನ್ನೂರರದ್ದನ್ನೇ ಕಟ್ಟಿಸಿಕೊಂಡೆ. ಜೊತೆಗೆ ನೂರೈವತ್ತಕ್ಕೆ ಒಂದು ಎಕ್ಸ್‌ಟೆನ್ಶನ್ ಬಾಕ್ಸ್. ಬಚ್ಚಲಲ್ಲಿ ಪ್ಲಗ್ ಪಾಯಿಂಟ್ ದೂರ.

ನಮ್ಮ ಜಿಲ್ಲೆಗೆ ಕರೆಂಟು ಹೊಸದೇನಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿವರೆಗೆ ಸುಮಾರು 150 ಕಿಲೋಮೀಟರ್ ತಂತಿ ಎಳೆದು ಕರೆಂಟು ಕಳಿಸಿದ ಊರು ನಮ್ಮದು. ಅಷ್ಟು ದೂರ ಸರಿಯಾಗಿ ಹೋದ ಕರೆಂಟು ಈಗ ಹಾಲ್‌ನಿಂದ ಬಚ್ಚಲಿಗೆ ಬರುವಷ್ಟರಲ್ಲಿ ದಾರಿ ತಪ್ಪುತ್ತದೆ.

ಮನೆಗೆ ಬಂದು ಸಿಕ್ಕಿಸಿದೆ. ಹತ್ತು ನಿಮಿಷಕ್ಕೆ ಎಕ್ಸ್‌ಟೆನ್ಶನ್ ಬಾಕ್ಸಿನ ವೈರು ಬಿಸಿಯಾಗಿ ಮೇಣದ ಹಾಗೆ ಮೆತ್ತಗಾಯಿತು. ಕಾಯಿಲ್ 1500 ವ್ಯಾಟ್. 230 ವೋಲ್ಟಿಗೆ ಲೆಕ್ಕ ಹಾಕಿದರೆ ಆರೂವರೆ ಆಂಪಿಯರ್. ಬಾಕ್ಸಿನ ಮೇಲೆ ಬರೆದದ್ದು 6. ಒಳಗಿನ ವೈರು ಅಷ್ಟಕ್ಕೂ ಲಾಯಕ್ಕಿಲ್ಲ. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ.

ಅವನು ಬಂದವನೇ ಬಾಕ್ಸಿನ ತಿರುಪು ಬಿಚ್ಚಿದ. ಮೇಲೆ ಮೂರು ತೂತು, ಒಳಗೆ ಎರಡೇ ವೈರು. ಅರ್ತಿಂಗ್‌ನ ದಪ್ಪ ತೂತಿಗೆ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಬೇಕಾದ ದಾರಿಗೆ, ಏನೂ ಕೊಟ್ಟಿರಲಿಲ್ಲ.

"ಮತ್ತೆ ಇದು ಯಾಕಪ್ಪ?"

"ಗಾಳಿ ಆಡಕ್ಕೆ ಸಾ."

ಆಮೇಲೆ ಬಕೆಟ್ಟಿನ ನೀರಿಗೆ ಟೆಸ್ಟರ್ ಅದ್ದಿದ. ಟೆಸ್ಟರಿನ ದೀಪ ಜಗ್ ಅಂತ ಹತ್ತಿತು. ನನಗೆ ಎದೆ ಧಸಕ್ಕೆಂದಿತು. ಅವನಿಗೆ ಸಮಾಧಾನವಾಯಿತು. "ಕಾಯಿಲ್ ವರ್ಕಾಯ್ತದೆ, ಏನೂ ತೊಂದ್ರೆ ಇಲ್ಲ."

ಮನೆ ಕಟ್ಟಿಸುವಾಗ ಇಂಥದ್ದಕ್ಕೇ ಅಂತ ಮೇನ್ ಬೋರ್ಡಿಗೆ ಆರ್‌ಸಿಸಿಬಿ ಹಾಕಿಸಿದ್ದೆ. 30 ಮಿಲಿ ಆಂಪಿಯರ್ ಸೋರಿದರೂ ಸಾಕು, ಪಟ್ ಅಂತ ಬಿದ್ದು ಜೀವ ಉಳಿಸುವ ಸಾಧನ. ಅದು ಯಾಕೆ ಬೀಳಲಿಲ್ಲ ಅಂತ ಕೇಳಿದೆ.

"ವಾಷಿಂಗ್ ಮಿಷಿನ್ ಹಾಕ್ದಾಗೆಲ್ಲ ಬೀಳ್ತಿತ್ತು ಅಂತ ಅಮ್ಮಾವ್ರು ಬೈದ್ರು ಸಾ. ಹೋದ್ವರ್ಸಾನೇ ಬೈಪಾಸ್ ಮಾಡ್ಬುಟ್ಟೆ."

ಅಂದರೆ ವಾಷಿಂಗ್ ಮಷೀನೂ ಸೋರುತ್ತಿತ್ತು. ನಾವು ಸೋರಿಕೆ ನಿಲ್ಲಿಸಲಿಲ್ಲ, ಚಾಡಿ ಹೇಳುವವನನ್ನು ಮನೆಯಿಂದ ಆಚೆ ಹಾಕಿದೆವು. ಅರ್ತ್ ಪೈಪಿನ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ನೀರು ಬಿಡೋಣ ಅಂತ ಹಿತ್ತಲಿಗೆ ಹೋದರೆ ಗುಂಡಿಯೇ ಇಲ್ಲ. ಗೃಹಪ್ರವೇಶದ ಮುಂಚೆ ಅದರ ಮೇಲೆ ಚೆಂದದ ಟೈಲ್ಸ್ ಹಾಕಿಸಿದ್ದೆವು.

ಅಷ್ಟರಲ್ಲಿ ಭಾವ ಬಂದರು. ಕರೆಂಟಿನ ಮಾತು ಬಂದರೆ ಅವರ ಫ್ರಿಜ್ಜಿನ ಮಾತು ಬರಲೇಬೇಕು. 2014ರಲ್ಲಿ ತಂದದ್ದು, ಫೈವ್ ಸ್ಟಾರ್. ಸ್ಟಿಕ್ಕರ್ ಮಾಸದಿರಲಿ ಅಂತ ಮೇಲಿನ ಪ್ಲಾಸ್ಟಿಕ್ಕನ್ನೂ ಕಿತ್ತಿಲ್ಲ. ಪೊಲೀಸ್ ಸಾಹೇಬರಿಗೆ ವರ್ಷ ಕಳೆದಂತೆ ಸ್ಟಾರ್ ಏರುತ್ತವೆ, ಫ್ರಿಜ್ಜಿಗೆ ಇಳಿಯುತ್ತವೆ ಅಂತ ಅವರಿಗೆ ಎಷ್ಟು ಸಲ ಹೇಳಿದ್ದೇನೋ. ಸ್ಟಾರ್ ಲೆಕ್ಕ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಬಿಇಇ ಆಗಾಗ ಅಳತೆ ಬಿಗಿ ಮಾಡುತ್ತದೆ. ಹಳೇ ಐದು ಸ್ಟಾರು ಇವತ್ತಿನ ಲೆಕ್ಕದಲ್ಲಿ ಐದಾಗಿ ಉಳಿಯುವುದಿಲ್ಲ. ಯಾವ ಅವಧಿಯ ಸ್ಟಾರು, ವರ್ಷಕ್ಕೆ ಎಷ್ಟು ಯೂನಿಟ್ ಅಂತ ಲೇಬಲ್ಲಿನಲ್ಲೇ ಇರುತ್ತದೆ. ಯಾರೂ ಓದುವುದಿಲ್ಲ, ಸ್ಟಾರು ಎಣಿಸುತ್ತಾರೆ ಅಷ್ಟೇ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಕಡ್ಡಾಯ. ಭಾವನ ಮನೆಯಲ್ಲಿ ತಿರುಗುವುದು ಅಜ್ಜನ ಕಾಲದ ಫ್ಯಾನು.

"ಗೃಹಜ್ಯೋತಿ ಇದೆ ಬಿಡಪ್ಪ, ಬಿಲ್ಲು ಸೊನ್ನೆ. ಸ್ಟಾರ್ ಯಾರಿಗೆ ಬೇಕು?" ಅಂದರು. ಇನ್ನೂರು ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅದಕ್ಕೇ ಅವರು ತಿಂಗಳ ಕೊನೆ ವಾರ ಆ ಫೈವ್ ಸ್ಟಾರ್ ಫ್ರಿಜ್ಜನ್ನೇ ಆಫ್ ಮಾಡುತ್ತಾರೆ. ಹಾಲು ಪಕ್ಕದ ಮನೆ ಫ್ರಿಜ್ಜಿಗೆ ಹೋಗುತ್ತದೆ.

ಕಾಯಿಲ್ ವಾಪಸ್ ಕೊಡೋಣ ಅಂದೆ. "ಡಬ್ಬಿ ಒಲೆಗೆ ಹಾಕಾಯ್ತಲ್ರೀ" ಅಂದಳು ಹೆಂಡತಿ. ಎಲೆಕ್ಟ್ರಿಷಿಯನ್ ಮಧ್ಯಸ್ಥಿಕೆ ವಹಿಸಿದ. ದಪ್ಪ ವೈರು ಹಾಕಿಕೊಡುತ್ತೇನೆ, ಲೋಡ್ ಜಾಸ್ತಿಯಾದರೆ ಕರೆಂಟು ಕಡಿಯುವ ಎಂಸಿಬಿ ಬೀಳದ ಹಾಗೆ ಅದನ್ನೂ ದೊಡ್ಡದು ಮಾಡುತ್ತೇನೆ, ಉಳಿದದ್ದಕ್ಕೆ ರಬ್ಬರ್ ಚಪ್ಪಲಿ ಹಾಕ್ಕೊಂಡು ಸ್ವಿಚ್ ಮುಟ್ಟಿ ಅಂದ. ಆರ್‌ಸಿಸಿಬಿ ಮತ್ತೆ ಹಾಕು ಅಂದಿದ್ದಕ್ಕೆ, "ಅಮ್ಮಾವ್ರನ್ನ ಕೇಳಿ ಹೇಳಿ" ಅಂತ ಜಾರಿಕೊಂಡ.

ಸಂಜೆ ಮತ್ತೆ ಪೇಟೆ ಬೀದಿಗೆ ಹೋದೆ, ಚಪ್ಪಲಿ ಅಂಗಡಿಗೆ. ಒಂದು ಜೊತೆ ಹವಾಯಿ ಕೈಗೆ ತೆಗೆದುಕೊಂಡೆ. ಹಿಂದೆ ಮುಂದೆ ತಿರುಗಿಸಿದೆ, ಬಗ್ಗಿಸಿದೆ, ಅಟ್ಟೆ ಒತ್ತಿ ನೋಡಿದೆ. ಇದರಲ್ಲಿ ಐಎಸ್‌ಐ ಗುರುತು ಎಲ್ಲಿದೆ ಅಂತ ಕೇಳಿದೆ.

ಅಂಗಡಿಯವನು ನನ್ನನ್ನೇ ಒಂದು ಗಳಿಗೆ ನೋಡಿದ.

"ಚಪ್ಲಿಗ್ಯಾಕ್ ಸಾ ಐಎಸ್‌ಐ? ಅದೇನ್ ಕರೆಂಟ್ ಹೊಡೀತದಾ?"