ಹಸುವಿನ ಮೈಯೊಳಗಿನ ಲೈಸೆನ್ಸ್ ಇಲ್ಲದ ಕಾರ್ಖಾನೆ

ದನಗಳಿಗೆ ಕೊಡುವ ಡೈಕ್ಲೋಫೆನಾಕ್ ಅನ್ನು ಸರ್ಕಾರ 2006ರಲ್ಲೇ ನಿಲ್ಲಿಸಿತು. ಯಾಕೆ ಅಂದರೆ ನೋವಿಗೋ ಜ್ವರಕ್ಕೋ ಈ ಇಂಜೆಕ್ಷನ್ ಹಾಕಿಸಿಕೊಂಡ ಹಸು ಒಂದೆರಡು ದಿನದಲ್ಲಿ ಸತ್ತರೆ ಔಷಧಿ ಅದರ ಮೈಯಲ್ಲೇ ಉಳಿದಿರುತ್ತದೆ, ಆ ಹೆಣ ತಿಂದ ರಣಹದ್ದಿನ ಕಿಡ್ನಿ ಕೆಟ್ಟು ಅದೂ ಸಾಯುತ್ತದೆ. ಸತ್ತ ಹದ್ದನ್ನು ಕೊಯ್ದು ನೋಡಿದರೆ ಕಿಡ್ನಿ, ಲಿವರ್ ಮೇಲೆಲ್ಲ ಯೂರಿಕ್ ಆಸಿಡ್, ಸುಣ್ಣ ಬಳಿದ ಹಾಗೆ. 1992ರಿಂದ 2007ರೊಳಗೆ ಬಿಳಿ ಬೆನ್ನಿನ ರಣಹದ್ದುಗಳು ನೂರಕ್ಕೆ 99ರಷ್ಟು ಖಾಲಿಯಾದವು.

ಸರಿ, ನಿಷೇಧ ಆಯಿತು. ಆದರೆ ಮನುಷ್ಯರ ಡೈಕ್ಲೋಫೆನಾಕ್ ಅಂಗಡಿಯಲ್ಲಿ ಇದ್ದೇ ಇತ್ತಲ್ಲ! ಒಬ್ಬ ಮನುಷ್ಯನಿಗೆ ಒಂದು ಸಲಕ್ಕೆ ಬೇಕಾದ್ದು 3 ಎಂಎಲ್, ಬಾಟಲಿ ಬರುತ್ತಿದ್ದದ್ದು 30 ಎಂಎಲ್. ಅಷ್ಟು ದೊಡ್ಡ ಸೊಂಟ ಯಾವ ಮನುಷ್ಯನದ್ದೋ. ಅದರ ಮೇಲೆ 'ಪ್ರಾಣಿಗಳಿಗಲ್ಲ' ಅಂತ ಇಂಗ್ಲಿಷಿನಲ್ಲಿ ಅಚ್ಚು ಹಾಕಿ ಅಂದರು, ಪಾಪ ಹಸು ಓದಿಕೊಂಡು ಬೇಡ ಅನ್ನಲಿ ಅಂತ ಇರಬೇಕು. 2015ರಲ್ಲಿ ಬಾಟಲಿಯನ್ನು 3 ಎಂಎಲ್‌ಗೆ ಇಳಿಸಿದರೆ ಕಂಪನಿಗಳು ಮದ್ರಾಸ್ ಹೈಕೋರ್ಟಿಗೆ ಹೋದವು. 2017ರಲ್ಲಿ ಸೋತವು.

ನೀವು ಚಾಪೆ ಕೆಳಗೆ ತೂರಿದರೆ ನಾವು ರಂಗೋಲಿ ಕೆಳಗೆ ತೂರುತ್ತೇವೆ ಅನ್ನುವುದಕ್ಕೆ ಅಸೆಕ್ಲೋಫೆನಾಕ್‌ಗಿಂತ ಒಳ್ಳೆ ಉದಾಹರಣೆ ಸಿಗಲಿಕ್ಕಿಲ್ಲ. ಇದು ಬೇರೆ ಔಷಧಿ. ಹೆಸರು ಬೇರೆ, ಡಬ್ಬಿ ಬೇರೆ, ಕಾಗದದ ಮೇಲೆ ಎಲ್ಲವೂ ಬೇರೆ. ಚುಚ್ಚಿದ ಸ್ವಲ್ಪ ಹೊತ್ತಿಗೆ ಹಸುವಿನ ಮೈಯೊಳಗೆ ಅದರ ಬಹುಪಾಲು ಏನಾಗುತ್ತದೆ ಗೊತ್ತಾ? ಡೈಕ್ಲೋಫೆನಾಕ್! ಅಂದರೆ ಕಾರ್ಖಾನೆಯಲ್ಲಿ ಮಾಡಿದರೆ ಅಪರಾಧ, ಅದನ್ನೇ ಹಸು ಕೊಟ್ಟಿಗೆಯಲ್ಲಿ ನಿಂತು ಮೆಲುಕು ಹಾಕುತ್ತಾ ಮಾಡಿದರೆ ತಪ್ಪಿಲ್ಲ. ಡ್ರಗ್ ಇನ್‌ಸ್ಪೆಕ್ಟರ್ ಬಂದು ಬಾಗಿಲು ಮುಚ್ಚಿಸೋಣ ಅಂದರೂ ಯಾವ ಬಾಗಿಲು ಅಂತ ಮುಚ್ಚಿಸುತ್ತಾರೆ? 2016ರ ಹೊತ್ತಿಗೆ ವಿಜ್ಞಾನಿಗಳು ಹಸುಗಳ ಮೇಲೆ ಪರೀಕ್ಷೆ ಮಾಡಿ ಇದನ್ನೆಲ್ಲ ತೋರಿಸಿದ್ದೂ ಆಗಿತ್ತು. ನಿಷೇಧ ಬಂದಿದ್ದು 2023ರಲ್ಲಿ. ಫೈಲು ಕೂಡ ಮೆಲುಕು ಹಾಕುತ್ತಿತ್ತು ಅನ್ಸುತ್ತೆ.

ನಾವೇನು ಕಡಿಮೆ ಇಲ್ಲ. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಮಾಡಿದೆವು. ಮೇಲೆ ಹದ್ದಿಗೆ ಕಾವಲು, ಕೆಳಗಿನ ಊರಲ್ಲಿ ಹಸುವಿಗೆ ಅಸೆಕ್ಲೋಫೆನಾಕ್ ಚುಚ್ಚಿದರೆ ಇನ್ನೂ 11 ವರ್ಷ ಯಾರೂ ಕೇಳುವ ಹಾಗಿರಲಿಲ್ಲ. ಹದ್ದು ಧಾಮದ ಬೇಲಿ ನೋಡಿ ಹಾರುತ್ತಾ?

ಅಸೆಕ್ಲೋಫೆನಾಕ್ ಜೊತೆಗೇ ಕೀಟೊಪ್ರೊಫೆನ್ ಅನ್ನುವ ಇನ್ನೊಂದು ನೋವಿನ ಔಷಧಿಯೂ ಹೋಯಿತು, 2024ರ ಕೊನೆಗೆ ಅಂಥದ್ದೇ ನಿಮೆಸುಲೈಡ್ ಕೂಡ. ಇವುಗಳ ಬದಲು ಹಸುವಿಗೆ ಮೆಲಾಕ್ಸಿಕಾಮ್ ಅನ್ನುವ ನೋವಿನ ಔಷಧಿ ಕೊಟ್ಟರೆ ಹದ್ದಿಗೆ ಏನೂ ಆಗಲ್ಲ ಅನ್ನುವುದು 2006ರಲ್ಲೇ ಗೊತ್ತಿತ್ತು. ಆದರೂ ಒಂದೊಂದೇ ಹೆಸರು ಹುಡುಕಿ ನಿಷೇಧಿಸುವ ಈ ಕೆಲಸ ಸುಮ್ನೆ ಸಾಗುತ್ತಲೇ ಇದೆ. ಹೊಸ ಔಷಧಿಯನ್ನು ಮಾರುವ ಮುಂಚೆ ಪರೀಕ್ಷೆ ಮಾಡಬಾರದಾ ಅಂತೀರಾ? ಪರೀಕ್ಷೆ ನಡೀತಾನೇ ಇದೆ ಸ್ವಾಮಿ, ಮಾರಿದ ಮೇಲೆ, ರಣಹದ್ದಿನ ಹೊಟ್ಟೆಯಲ್ಲಿ, ಪುಕ್ಕಟೆಯಾಗಿ.