ಏಣಿ ಇಲ್ಲದ ಬಾಗಿಲು

ಗೋಪುರ ಕಂಡ ಕೂಡಲೇ ನಾನು ಹುಡುಕಿದ್ದು ಬಾಗಿಲನ್ನು. ಸಿಕ್ಕಿತು, ಆದರೆ ನನ್ನ ತಲೆಯ ಮೇಲೆ! ನೆಲದಿಂದ ಸುಮಾರು ಮೂರೂವರೆ ಮೀಟರ್ ಎತ್ತರದಲ್ಲಿ. ಮೆಟ್ಟಿಲಿಲ್ಲ. ಕೈ ಎತ್ತಿದರೂ ಹೊಸ್ತಿಲು ಎಟುಕುವುದಿಲ್ಲ.

"ಅಪ್ಪಾ, ಒಳಗೆ ಬಿಡಲ್ಲ, ಸುಮ್ನೆ ನೋಡು" ಎಂದಳು ಮಗಳು.

ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನಿಂದ ದಕ್ಷಿಣಕ್ಕೆ, ವಿಕ್ಲೋ ಬೆಟ್ಟಗಳ ನಡುವೆ ಗ್ಲೆಂಡಲಾಕ್ ಇದೆ. ಹೆಸರಿನ ಅರ್ಥ ಎರಡು ಕೆರೆಗಳ ಕಣಿವೆ. 6ನೇ ಶತಮಾನದಲ್ಲಿ ಸಂತ ಕೆವಿನ್ ಇಲ್ಲಿ ಮಠ ಕಟ್ಟಿದರು. ಅವರು ಕೈ ಚಾಚಿ ಪ್ರಾರ್ಥಿಸುತ್ತಿದ್ದಾಗ ಹಕ್ಕಿಯೊಂದು ಅಂಗೈಯಲ್ಲೇ ಮೊಟ್ಟೆ ಇಟ್ಟಿತಂತೆ. ಮರಿ ಹಾರುವ ತನಕ ಅವರು ಕೈ ಅಲುಗಿಸಲಿಲ್ಲವಂತೆ. ನಮ್ಮ ಕಡೆಯಾಗಿದ್ದರೆ ಸುತ್ತ ಹುತ್ತವೂ ಬೆಳೆಯುತ್ತಿತ್ತು.

ಗೋಪುರ ಅವರ ಕಾಲದ್ದಲ್ಲ, ಸುಮಾರು ಸಾವಿರ ವರ್ಷದ್ದು. ಮೂವತ್ತು ಮೀಟರ್ ಎತ್ತರ, ಅಡಿಕೆ ಮರದಂತೆ ನೆಟ್ಟಗೆ. ತಲೆಯ ಮೇಲಿನ ಕಲ್ಲಿನ ಟೋಪಿಯನ್ನು ಮಾತ್ರ 1876ರಲ್ಲಿ ಹಳೆಯ ಕಲ್ಲುಗಳನ್ನೇ ಬಳಸಿ ಮತ್ತೆ ಕಟ್ಟಿದರು. ಐರಿಷ್ ಭಾಷೆಯಲ್ಲಿ ಇಂಥ ಗೋಪುರಕ್ಕೆ 'ಗಂಟೆಮನೆ' ಎಂಬ ಅರ್ಥದ ಹೆಸರಿದೆ. ತುದಿಯಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಕಿಟಕಿ.

ಹಾಗಾದರೆ ಬಾಗಿಲು ಯಾಕೆ ಅಷ್ಟು ಮೇಲೆ? ಉತ್ತರ ಯುರೋಪಿನ ಕಡಲ ದಾಳಿಕೋರರಾದ ವೈಕಿಂಗರು ಬಂದರೆ ಮಠದವರು ಪುಸ್ತಕ, ಬೆಳ್ಳಿ ಸಾಮಾನು ಎತ್ತಿಕೊಂಡು ಏಣಿ ಹತ್ತಿ, ಆಮೇಲೆ ಏಣಿಯನ್ನೇ ಒಳಕ್ಕೆ ಎಳೆದುಕೊಳ್ಳುತ್ತಿದ್ದರು ಎಂಬ ಕತೆ ಎಲ್ಲರಿಗೂ ಇಷ್ಟ. ನನಗೂ ಇಷ್ಟವಾಯಿತು. ಅಟ್ಟ ಹತ್ತಿಸಿ ಏಣಿ ತೆಗೆಯುವುದು ನಮ್ಮಲ್ಲಿ ಮೋಸದ ಮಾತು. ಇಲ್ಲಿ ಹತ್ತಿದವನೇ ಏಣಿ ತೆಗೆಯುತ್ತಾನೆ! ನಮ್ಮಜ್ಜಿ ಚಕ್ಕುಲಿ ಡಬ್ಬ ಅಟ್ಟಕ್ಕೇರಿಸಿ ಏಣಿಯನ್ನು ಕೊಟ್ಟಿಗೆಗೆ ಸಾಗಿಸುತ್ತಿದ್ದರು. ಆ ದಾಳಿಕೋರರಲ್ಲಿ ನಾನೂ ಒಬ್ಬ.

ಆದರೆ ಈ ಉಪಾಯ ಎಷ್ಟು ಫಲಿಸಿತೋ. 950ರಲ್ಲಿ ಡಬ್ಲಿನ್‌ನ ವೈಕಿಂಗರು ಸ್ಲೇನ್ ಎಂಬ ಊರಿನ ಗಂಟೆಮನೆಗೆ ಬೆಂಕಿ ಹಚ್ಚಿದರು. ಒಳಗಿದ್ದ ಜನರೂ ಪವಿತ್ರ ವಸ್ತುಗಳೂ ಸುಟ್ಟುಹೋದವು. ಗೋಪುರದ ಒಳಗೆಲ್ಲ ಮರದ ಅಟ್ಟ, ಮರದ ಏಣಿ. ಒಮ್ಮೆ ಕಿಡಿ ಬಿದ್ದರೆ ಅದು ಹೊಗೆಗೂಡೇ ಅಲ್ವಾ? ತಳಪಾಯ ಜಾಸ್ತಿ ಆಳವಿಲ್ಲದ್ದರಿಂದ ಬುಡದ ಗೋಡೆಯಲ್ಲಿ ತೂತು ಬೇಡವೆಂದು ಬಾಗಿಲನ್ನು ಮೇಲಿಟ್ಟರು ಎನ್ನುವವರೂ ಇದ್ದಾರೆ. ಮೇಸ್ತ್ರಿಯ ಈ ಉತ್ತರ ನನಗೆ ಹೆಚ್ಚು ನಂಬುವಂತೆ ಕಂಡಿತು, ಕತೆಯಷ್ಟು ರುಚಿಯಿಲ್ಲದಿದ್ದರೂ.

ಈಗ ಒಳಗೆ ಅಟ್ಟಗಳೂ ಇಲ್ಲ. ಬರೀ ಟೊಳ್ಳು.

ಮಗಳು ನನ್ನನ್ನು ಬಾಗಿಲ ಕೆಳಗೆ ನಿಲ್ಲಿಸಿ ಫೋಟೊ ತೆಗೆದಳು. ಮನೆಗೆ ಬಂದು ನೋಡಿದರೆ ನಾನು ಪೂರ್ತಿ, ಗೋಪುರ ಕಾಲು ಭಾಗ. ಬಾಗಿಲು ಮಾತ್ರ ಸರಿಯಾಗಿ ಬಿದ್ದಿತ್ತು.